ಮರ್ವಾಯಿ ಜೊತೆ ಮಸ್ಕಾಡೆ

ನಮ್ಮ ಮಂಗ್ಳೂರಲ್ಲಿ ವೈನ್ ಅಂದ್ರೆ ಸಿಹಿ ಇರ್ಲೇಬೇಕು ಅಂತ ಒಂದು ಲೆಕ್ಕ ಉಂಟು. ಕ್ರಿಸ್ಮಸ್ ಟೈಮಲ್ಲಿ ಫ್ರೆಂಡ್ಸ್ ಮನೆಯಿಂದ ಕುಸ್ವಾರ್ ತಿಂಡಿಗಳ ಜೊತೆ ಸಣ್ಣ ಬಾಟ್ಲಿಯಲ್ಲಿ ಬರ್ತದಲ್ಲ, ಕಪ್ಪು ದ್ರಾಕ್ಷೆಗೆ ಬೇಕಾದಷ್ಟು ಸಕ್ಕರೆ, ಈಸ್ಟ್, ಒಂದು ಮುಷ್ಟಿ ಗೋಧಿ, ಚೂರು ಚಕ್ಕೆ ಲವಂಗ ಹಾಕಿ ಭರಣಿಯಲ್ಲಿ ಬಾಯಿ ಕಟ್ಟಿಟ್ಟು ಮಾಡಿದ್ದು, ಹೆಚ್ಚಿನವರಿಗೆ ವೈನಿನ ಮೊದಲ ಪಾಠ ಅದೇ. ಒಳ್ಳೆ ಪಾಠವೇ, ಡಿಸೆಂಬರಲ್ಲಿ ನಂಗೆ ಈಗ್ಲೂ ಅದು ಬೇಕು. ಆದ್ರೆ ಆ ಪಾಠ ಕಲ್ತವರ ಕೈಗೆ ಒಂದು ಗ್ಲಾಸ್ ಫ್ರೆಂಚ್ ಡ್ರೈ ವೈಟ್ ವೈನ್ ಕೊಡಿ, ಮಸ್ಕಾಡೆಯಂಥ ಸಿಹಿ ಇಲ್ಲದ್ದು, ಮತ್ತೆ ಮುಖ ನೋಡಿ. "ಹಾಳಾಗಿದ್ಯಾ ಎಂತ? ಬರೀ ಹುಳಿ ಮಾರಾಯಾ" ಅಂತ ಗ್ಲಾಸ್ ಕೆಳಗಿಟ್ಟು ಬಿಯರ್ ಹುಡುಕ್ತಾರೆ. ಕೆಲವರು ಅದಕ್ಕೆ ಸ್ಪ್ರೈಟ್ ಸುರೀತಾರೆ, ಆ ಬಗ್ಗೆ ನಾನು ಮಾತಾಡುದಿಲ್ಲ.

ನನ್ನ ವಾದ ಎಂತ ಅಂದ್ರೆ, ಹುಳಿ ಅಂತ ಹೇಳಿದವ ಸರಿಯಾಗಿಯೇ ಟೇಸ್ಟ್ ಮಾಡಿದ್ದಾನೆ. ಅಲ್ಲಿರುದೇ ಹುಳಿ, ಆ ವೈನ್ ಮಾಡಿದವರಿಗೆ ಬೇಕಾದದ್ದೂ ಹುಳಿಯೇ. ಮತ್ತೆ ಹುಳಿ ಅಂದ ಕೂಡ್ಲೆ ಮುಖ ಕಿವುಚ್ಲಿಕ್ಕೆ ನಾವೆಂತ ಹುಳಿ ಗೊತ್ತಿಲ್ಲದ ಜನವಾ? ಬಂಗುಡೆಗೆ ಪುಳಿಮುಂಚಿ ಮಾಡುವವರು, ಬೇಸಿಗೆ ಬಂದ್ರೆ ಪುನರ್ಪುಳಿ ಜ್ಯೂಸ್ ಕುಡಿಯುವವರು, ಬಿಂಬುಳಿ ಹಾಕಿ ಮೀನ್ ಸಾರು ಮಾಡುವವರು, ಅಂಬಟೆ ಉಪ್ಪಿನಕಾಯಿ ಗಂಜಿಗೆ ನೆಂಚಿಕೊಳ್ಳುವವರು. ಹುಳಿಯಲ್ಲಿ ಇಷ್ಟು ವೆರೈಟಿ ಇಟ್ಕೊಂಡ ಊರು ಬೇರೆ ಯಾವುದುಂಟು ಹೇಳಿ.

ಇದರಲ್ಲಿ ಒಂದು ಕೆಮಿಸ್ಟ್ರಿ ವಿಷಯ ಉಂಟು, ನಂಗೆ ಗೊತ್ತಾದಾಗ ಭಯಂಕರ ಖುಷಿ ಆಗಿತ್ತು. ಹೆಚ್ಚಿನ ಹಣ್ಣುಗಳ ಹುಳಿ ಸಿಟ್ರಿಕ್ ಆಸಿಡ್, ಇಲ್ದಿದ್ರೆ ಮ್ಯಾಲಿಕ್ ಆಸಿಡ್. ದ್ರಾಕ್ಷೆಯಲ್ಲಿ ಮುಖ್ಯವಾದದ್ದು ಟಾರ್ಟಾರಿಕ್ ಆಸಿಡ್, ಅದು ಇಷ್ಟು ಪ್ರಮಾಣದಲ್ಲಿ ಇರುವ ಹಣ್ಣು ಕಮ್ಮಿ. ಆ ಕಮ್ಮಿಯಲ್ಲಿ ಒಂದು ನಮ್ಮ ಹುಣಸೆಹಣ್ಣು. ಬಿಂಬುಳಿಯದ್ದು ಬೇರೆ, ಅದು ಆಕ್ಸಾಲಿಕ್. ಪುನರ್ಪುಳಿಯದ್ದು ಇನ್ನೊಂದು, ಹೈಡ್ರಾಕ್ಸಿಸಿಟ್ರಿಕ್. ಆದ್ರೆ ಮೀನ್ ಗಸಿಗೆ ನಾವು ದಿನಾ ಅರೆದು ಹಾಕುವ ಹುಣಸೆಹುಳಿಯೂ ಫ್ರಾನ್ಸಿನವ ಗ್ಲಾಸಿಗೆ ಸುರಿಯುವ ವೈನಿನ ಹುಳಿಯೂ ಒಂದೇ ಆಸಿಡ್. ಹಾಗಾಗಿ "ನಮ್ಮ ನಾಲಿಗೆಗೆ ಅದೆಲ್ಲ ಸೇರುದಿಲ್ಲ" ಅನ್ನುದನ್ನು ನಾನು ಒಪ್ಪುದಿಲ್ಲ. ನಮ್ಮ ನಾಲಿಗೆಗೆ ಟ್ರೈನಿಂಗ್ ಆಗಿಯೇ ಉಂಟು, ಗ್ಲಾಸಲ್ಲಿ ಬಂದಾಗ ಗುರ್ತ ಸಿಗುದಿಲ್ಲ ಅಷ್ಟೇ.

ಡ್ರೈ ಅಂದ್ರೆ ಸಕ್ಕರೆ ಇಲ್ಲದ್ದು, ಅಥವಾ ಇದ್ರೂ ಗೊತ್ತಾಗದಷ್ಟು. ದ್ರಾಕ್ಷೆ ರಸದ ಸಕ್ಕರೆಯನ್ನು ಈಸ್ಟ್ ಪೂರ್ತಿ ತಿಂದು ಆಲ್ಕೊಹಾಲ್ ಮಾಡಿ ಮುಗಿಸಿದ್ರೆ ಅದು ಡ್ರೈ. ಯೂರೋಪಿನ ರೂಲ್ ಪ್ರಕಾರ ಲೀಟರಿಗೆ 4 ಗ್ರಾಮ್ ಒಳಗೆ ಸಕ್ಕರೆ ಇದ್ರೆ ಡ್ರೈ ಅಂತ ಹೇಳ್ಬಹುದು, ಹುಳಿ ಜಾಸ್ತಿ ಇರುವ ವೈನಿಗೆ 9 ಗ್ರಾಮ್ ತನಕ ಬಿಡ್ತಾರೆ ಯಾಕಂದ್ರೆ ಆ ಹುಳಿಯ ಎದುರು ಅಷ್ಟು ಸಕ್ಕರೆ ನಾಲಿಗೆಗೆ ತಾಗುದೇ ಇಲ್ಲ. ಕೋಲಾದಲ್ಲಿ ಲೀಟರಿಗೆ ನೂರು ಗ್ರಾಮಿಗಿಂತ ಜಾಸ್ತಿ ಉಂಟು, ಲೆಕ್ಕ ಹಾಕಿ. ಬಾಟ್ಲಿ ಮೇಲೆ ಫ್ರೆಂಚಲ್ಲಿ ಸೆಕ್ ಅಂತ ಬರ್ದಿದ್ರೆ ಡ್ರೈ, ಆದ್ರೆ ಶಾಂಪೇನ್ ಮೇಲೆ ಅದೇ ಸೆಕ್ ಅಂತ ಇದ್ರೆ ಲೀಟರಿಗೆ 17ರಿಂದ 32 ಗ್ರಾಮ್ ಸಕ್ಕರೆ ಅಂತ ಅರ್ಥ, ಸಾಕಷ್ಟು ಸಿಹಿಯೇ. ಯಾಕೆ ಹೀಗೆ ಅಂತ ನನ್ನತ್ರ ಕೇಳ್ಬೇಡಿ, ಫ್ರೆಂಚರತ್ರ ಕೇಳಿ.

ಈಗ ಮಸ್ಕಾಡೆಗೆ ಬರ್ತೇನೆ. ದುಬೈಯಲ್ಲಿರುವ ದೊಡ್ಡಪ್ಪನ ಮಗನತ್ರ, ನೀನು ಬರುವಾಗ ವಿಸ್ಕಿ ಬೇಡ, ಇದೇ ತಾ ಅಂತ ಫೋಟೋ ಕಳ್ಸಿ ತರಿಸಿದ್ದು. ಒಬ್ಬ ಪ್ಯಾಸೆಂಜರಿಗೆ ಡ್ಯೂಟಿ ಇಲ್ಲದೆ 2 ಲೀಟರ್ ತರ್ಲಿಕ್ಕೆ ಆಗ್ತದೆ, ಮುಕ್ಕಾಲು ಲೀಟರಿನ ಬಾಟ್ಲಿ ಎರಡು ಹಿಡಿದ್ರೆ ಇನ್ನೂ ಚೂರು ಜಾಗ ಮಿಕ್ತದೆ. ಅವ ಮಾತ್ರ ಪೂರಾ ಡೌಟಲ್ಲಿದ್ದ, ಇದು ಮಾಲಲ್ಲಿ ಸಿಗುವ ಮೊಸ್ಕಾಟೋವಾ ಅಂತ. ಅಲ್ಲ. ಮೊಸ್ಕಾಟೋ ಮಸ್ಕಟ್ ದ್ರಾಕ್ಷೆಯದ್ದು, ಹೂವಿನ ಪರಿಮಳ, ಸಾಮಾನ್ಯವಾಗಿ ಸಿಹಿ. ಮಸ್ಕಾಡೆಗೂ ಆ ದ್ರಾಕ್ಷೆಗೂ ಸಂಬಂಧವೇ ಇಲ್ಲ, ಇದರ ದ್ರಾಕ್ಷೆ ಮೆಲೋನ್ ದ ಬುರ್ಗೋನ್. ಶಾರ್ಡೊನೆಯ ಒಡಹುಟ್ಟು ಇದು, ಎರಡಕ್ಕೂ ಪಿನೋ ಮತ್ತು ಗುವೇ ಬ್ಲಾಂಕ್ ಅಪ್ಪ ಅಮ್ಮ ಅಂತ 1999ರಲ್ಲಿ ಡಿಎನ್‌ಎ ನೋಡಿ ಕಂಡುಹಿಡಿದ್ರು. ಒಬ್ಬ ದೊಡ್ಡ ಸ್ಟಾರ್ ಆಗಿ ಲೋಕ ಸುತ್ತಿದ, ಇನ್ನೊಬ್ಬ ಕಡಲ ಬದಿಯಲ್ಲೇ ಉಳಿದ.

ಕಡಲ ಬದಿ ಅಂದ್ರೆ ಫ್ರಾನ್ಸಿನ ಪಶ್ಚಿಮ ಕರಾವಳಿ, ಲುವಾರ್ ನದಿ ಅಟ್ಲಾಂಟಿಕಿಗೆ ಸೇರುವ ಕಡೆ ನಾಂತ್ ಅನ್ನುವ ಊರಿನ ಸುತ್ತಮುತ್ತ. ಒಳ್ಳೇದು ಬರುವ ಜಾಗಕ್ಕೆ ಸೇವ್ರ್ ಎ ಮೇನ್ ಅಂತ ಹೆಸರು, ಸೇವ್ರ್ ಒಂದು ನದಿ, ಮೇನ್ ಇನ್ನೊಂದು. ನೇತ್ರಾವತಿ ಗುರುಪುರ ಅಂತ ಎರಡು ನದಿಯ ಮಧ್ಯ ಇರುವ ನಮಗೆ ಇದನ್ನು ಬಿಡಿಸಿ ಹೇಳ್ಬೇಕಾಗಿಲ್ಲ. ಆ ಏರಿಯಾಕ್ಕೆ 1936ರಲ್ಲೇ ಅಪಲೇಶನ್ ಸಿಕ್ಕಿದೆ, ಅಂದ್ರೆ ಆ ಹೆಸರು ಹಾಕ್ಬೇಕಾದ್ರೆ ಅಲ್ಲಿನ ದ್ರಾಕ್ಷೆ, ಅಲ್ಲಿನ ರೂಲ್ ಪ್ರಕಾರವೇ ಮಾಡಿರ್ಬೇಕು, ನಮ್ಮ ಉಡುಪಿ ಮಲ್ಲಿಗೆಗೆ ಮಟ್ಟುಗುಳ್ಳಕ್ಕೆ ಇರುವ ಜಿಐ ಟ್ಯಾಗಿನ ಹಾಗೆಯೇ. ಚರಿತ್ರೆ ಸ್ವಲ್ಪ ತಮಾಷೆ. 17ನೇ ಶತಮಾನದಲ್ಲಿ ಡಚ್ ವ್ಯಾಪಾರಿಗಳಿಗೆ ಕಾಯಿಸಿ ಬ್ರಾಂಡಿ ಇಳಿಸ್ಲಿಕ್ಕೆ ಚೀಪ್ ವೈಟ್ ವೈನ್ ಬೇಕಿತ್ತು, ಅದಕ್ಕೋಸ್ಕರ ಅಲ್ಲಿ ಬಿಳಿ ದ್ರಾಕ್ಷೆ ಹಬ್ಬಿದ್ದು. ಮತ್ತೆ 1709ರ ಚಳಿಗಾಲ ಯೂರೋಪಿಗೆ ಯೂರೋಪೇ ಮರಗಟ್ಟಿ ತೋಟಗಳೆಲ್ಲ ಸತ್ತವು, ಆಮೇಲೆ ನೆಡುವಾಗ ಚಳಿ ತಡೆಯುವ ಮೆಲೋನನ್ನೇ ಜಾಸ್ತಿ ನೆಟ್ಟರು. ಹಾಗಾಗಿ ಇದು ರಾಜರು ಕುಡಿದ ವೈನ್ ಅಂತ ಕಥೆ ಕಟ್ಲಿಕ್ಕೆ ಬರುದಿಲ್ಲ. ಬ್ರಾಂಡಿಗೆ ಅಂತ ನೆಟ್ಟದ್ದು, ಮೀನಿನ ಜೊತೆ ಸೆಟ್ ಆಯ್ತು. ಫ್ರಾನ್ಸಲ್ಲಿ ಈಗ್ಲೂ ಕಮ್ಮಿ ರೇಟಿನ ಸಾಲಿಗೆ ಸೇರಿದ್ದು, ನಂಗೆ ಅದಕ್ಕೇ ಇಷ್ಟ. ಕುಡಿಯುವಾಗ ಯಾರ ಎದುರೂ ಪೋಸ್ ಕೊಡ್ಬೇಕು ಅಂತ ಇಲ್ಲ.

ತಗೊಳ್ಳುವಾಗ ಲೇಬಲಲ್ಲಿ ಸುರ್ ಲೀ ಅಂತ ಉಂಟಾ ನೋಡಿ. ಸಕ್ಕರೆ ತಿಂದು ಮುಗಿಸಿ ಸತ್ತ ಈಸ್ಟ್ ಎಲ್ಲ ಟ್ಯಾಂಕಿನ ಅಡಿಯಲ್ಲಿ ಗಸಿ ಕಟ್ತದೆ. ಬೇರೆ ಕಡೆ ಮೇಲಿನ ವೈನ್ ಬಸಿದು ತೆಗೀತಾರೆ, ಇಲ್ಲಿ ಇಡೀ ಚಳಿಗಾಲ ಅದರ ಮೇಲೆಯೇ ಬಿಟ್ಟು, ಮುಂದಿನ ವರ್ಷ ಮಾರ್ಚ್ ಬರುವ ತನಕ ಅಲ್ಲಾಡಿಸದೆ, ಸೀದಾ ಅಲ್ಲಿಂದಲೇ ಬಾಟ್ಲಿಗೆ ತುಂಬ್ತಾರೆ. ಈಸ್ಟಿನ ಕೋಶ ಒಡೆದು ಒಳಗಿನ ಪ್ರೋಟೀನ್ ಗೀಟೀನ್ ಎಲ್ಲ ವೈನಿಗೆ ಇಳಿದು ಅದಕ್ಕೆ ಚೂರು ಮೈ ಬರ್ತದೆ. ಇಲ್ದಿದ್ರೆ ಮೆಲೋನ್ ಸಪೂರ ಆಸಾಮಿ, ಬರೀ ಹುಳಿನೀರಿನ ಹಾಗೆ ಆಗುವ ಚಾನ್ಸ್ ಉಂಟು. ಇನ್ನೂ ಜಾಸ್ತಿ ಕಾಲ ಗಸಿ ಮೇಲೆ ಇಟ್ಟದ್ದೂ ಸಿಗ್ತದೆ, ಕ್ಲಿಸೋನ್, ಗೋರ್ಜ್, ಲ ಪಾಲೆ ಅಂತ ಊರುಗಳ ಹೆಸರಲ್ಲಿ, 2011ರಿಂದ ಆ ಹೆಸರುಗಳಿಗೆ ಬೇರೆಯೇ ಮಾನ್ಯತೆ. ಕ್ಲಿಸೋನಲ್ಲಿ ಮಣ್ಣಿನಡಿ ಗ್ರಾನೈಟ್, ಗೋರ್ಜಲ್ಲಿ ಗ್ಯಾಬ್ರೋ ಅನ್ನುವ ಕಪ್ಪುಕಲ್ಲು. ಅವಕ್ಕೆ ರೇಟೂ ಬೇರೆ, ಗತ್ತೂ ಬೇರೆ.

ಸರಿ, ಕುಡಿಯುದು ಹೇಗೆ. ಪುಸ್ತಕದಲ್ಲಿ ಬರೆದದ್ದೆಲ್ಲ ಯೂರೋಪಿನ ಕೋಣೆಗೆ ಬರೆದದ್ದು, ನಮ್ಮ ಹವೆಗೆ ಅದನ್ನು ರಿಪೇರಿ ಮಾಡ್ಬೇಕಾಗ್ತದೆ. ಇಂಥ ವೈನ್ 8ರಿಂದ 10 ಡಿಗ್ರಿಯಲ್ಲಿ ಲಾಯ್ಕ್. ಫ್ರಿಜ್ಜಿನ ಒಳಗೆ 4-5 ಇರ್ತದೆ, ಹಾಗಾಗಿ ತೆಗೆದು ಇಪ್ಪತ್ತು ನಿಮಿಷ ಹೊರಗಿಡಿ ಅಂತಾರೆ. ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿ ಇಪ್ಪತ್ತು ನಿಮಿಷ ಇಟ್ರೆ ಅದು ವೈನ್ ಅಲ್ಲ, ಕಷಾಯ. ನಾನು ತೆಗೆದ ಕೂಡ್ಲೆ ಗ್ಲಾಸಿಗೆ ಸ್ವಲ್ಪವೇ ಹಾಕಿ ಬಾಟ್ಲಿ ವಾಪಸ್ ಒಳಗಿಡ್ತೇನೆ, ಗ್ಲಾಸ್ ಬೆವರಿ ಟೇಬಲ್ ಮೇಲೆ ನೀರಿನ ರೌಂಡ್ ಬೀಳುವಷ್ಟರಲ್ಲಿ ವೈನ್ ತಾನೇ ರೆಡಿ ಆಗಿರ್ತದೆ. ತುಂಬಾ ತಂಪಿದ್ರೆ ಪರಿಮಳ ಮೇಲೆ ಬರುದೇ ಇಲ್ಲ, ಬರೀ ಐಸ್‌ವಾಟರ್. ಬಿಸಿ ಆದ್ರೆ ಆಲ್ಕೊಹಾಲ್ ಮೂಗಿಗೆ ಹೊಡೆದು ಹುಳಿ ಒಂದು ಕಡೆ, ವೈನ್ ಒಂದು ಕಡೆ. ಊರಿನ ಒಂದು ರೆಸ್ಟೋರೆಂಟಲ್ಲಿ ಶೋಕೇಸಿನ ಲೈಟಡಿಯಲ್ಲಿ ನಿಂತಿದ್ದ ವೈಟ್ ವೈನ್ ತಂದು ಅದಕ್ಕೆ ಎರಡು ಐಸ್ ಕ್ಯೂಬ್ ಹಾಕಿ ಕೊಟ್ಟಿದ್ರು, ರೂಮ್ ಟೆಂಪರೇಚರಲ್ಲೇ ಕುಡೀಬೇಕು ಸರ್ ಅಂತ ಬೇರೆ. ನಮ್ಮ ರೂಮಿನ ಟೆಂಪರೇಚರ್ ಎಷ್ಟು ಅಂತ ಅವರಿಗೂ ಗೊತ್ತುಂಟು, ಪಾಪ, ಬೆವರು ಒರಸ್ತಾ ಇದ್ರು.

ಗ್ಲಾಸನ್ನು ಕಡ್ಡಿಯಲ್ಲಿ ಹಿಡೀಬೇಕು ಅನ್ನುದನ್ನು ನಾನು ಮೊದಲು ಶೋಕಿ ಅಂದ್ಕೊಳ್ತಿದ್ದೆ, ಈ ಸೆಖೆಯಲ್ಲಿ ಅದು ಶೋಕಿ ಅಲ್ಲ, ಕೈಯ ಬಿಸಿಗೆ ಎರಡು ನಿಮಿಷದಲ್ಲಿ ವ್ಯತ್ಯಾಸ ಗೊತ್ತಾಗ್ತದೆ. ಮೂರರಲ್ಲಿ ಒಂದು ಪಾಲು ಮಾತ್ರ ತುಂಬಿಸಿ. ಮತ್ತೆ ಇದು ಯಾರೂ ಹೇಳದ ಟಿಪ್: ಮೂಸಿ ನೋಡುದು ಏನಿದ್ರೂ ಒಲೆಗೆ ತವಾ ಇಡುವ ಮುಂಚೆ ಮುಗಿಸಿ. ಒಮ್ಮೆ ತೆಂಗಿನೆಣ್ಣೆಯಲ್ಲಿ ಕಾಣೆ ಮೀನು ಬಿದ್ದ ಮೇಲೆ ಇಡೀ ಮನೆಯಲ್ಲಿ ಬೇರೆ ಯಾವ ಪರಿಮಳಕ್ಕೂ ಅವಕಾಶ ಇಲ್ಲ. ಶುಕ್ರವಾರ ಆದ್ರೆ ಇನ್ನೂ ಕಷ್ಟ, ಅಮ್ಮ ಶಂಕರಪುರ ಮಲ್ಲಿಗೆ ತಂದು ದೇವರ ಫೋಟೋಕ್ಕೆ ಹಾಕಿರ್ತಾರೆ, ಆ ದಿವಸ ಯಾವ ವೈನ್ ಮೂಸಿದ್ರೂ ಮಲ್ಲಿಗೆಯೇ. (ಶುಕ್ರವಾರ ಅಮ್ಮನ ಎದುರು ವೈನ್ ಕುಡಿಯುದಿಲ್ಲ, ಬಾಲ್ಕನಿಯಲ್ಲಿ.)

ಬಣ್ಣ ಬಹಳ ತಿಳಿ, ಸ್ವಲ್ಪ ಹಸಿರು ಛಾಯೆ. ಗ್ಲಾಸ್ ತಿರುಗಿಸದೆ ಒಮ್ಮೆ ಮೂಸಿ, ಆಮೇಲೆ ತಿರುಗಿಸಿ ಮೂಸಿ. ಮಸ್ಕಾಡೆ ಜೋರಾಗಿ ಮಾತಾಡುವ ಪೈಕಿ ಅಲ್ಲ. ಸಾನ್ಸೇರ್ ಅನ್ನುವ ಇನ್ನೊಂದು ಫ್ರೆಂಚ್ ವೈಟ್ ಆದ್ರೆ ಸೋವಿನ್ಯೊನ್ ಬ್ಲಾಂಕ್ ದ್ರಾಕ್ಷೆ, ಗ್ಲಾಸ್ ಹತ್ರ ತರುವ ಮೊದಲೇ ಹಸಿ ಹುಲ್ಲು, ಚಕ್ಕೋತ ಅಂತ ಬೊಬ್ಬೆ ಹೊಡೀತದೆ. ಇದರಲ್ಲಿ ನಿಂಬೆ ಸಿಪ್ಪೆ, ಹಸಿರು ಆಪಲ್, ಅಷ್ಟೇ, ಅದೂ ಮೆಲ್ಲ. ಅದರ ಹಿಂದೆ ಇನ್ನೊಂದು ಉಂಟು, ಫ್ರೆಂಚರು ಬ್ರೆಡ್ಡಿನ ಪರಿಮಳ ಅಂತಾರೆ, ನಂಗೆ ಅದು ಕಳ್ಳು ಹಾಕಿ ಹುಳಿ ಬರಿಸಿದ ಸನ್ನ ಹಿಟ್ಟಿನ ಪಾತ್ರೆಯ ಮುಚ್ಚಳ ಬೆಳಿಗ್ಗೆ ತೆಗೆದಾಗ ಬರ್ತದಲ್ಲ, ಅದೇ. ಆಗುದು ಸಹಜವೇ, ಅಲ್ಲಿಯೂ ಈಸ್ಟ್, ಇಲ್ಲಿಯೂ ಈಸ್ಟ್.

ಬಾಯಿಗೆ ಹಾಕಿದ ಕೂಡ್ಲೆ ನಾಲಿಗೆ ತುದಿಯಲ್ಲಿ ಒಂಚೂರು ಚುರುಚುರು ಆಗ್ತದೆ. ಬಸಿಯದೆ ಸೀದಾ ಬಾಟ್ಲಿಗೆ ಹೋದ ಕಾರಣ ಒಳಗೆ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಉಳಿದಿರ್ತದೆ, ಸೋಡಾದಷ್ಟು ಅಲ್ಲ. ಆಮೇಲೆ ಹುಳಿ ಬರ್ತದೆ, ನಾಲಿಗೆಯ ಎರಡು ಬದಿಯಲ್ಲಿ, ಸೀದಾ ಗೆರೆ ಎಳೆದ ಹಾಗೆ. ಇಲ್ಲಿ ಟಾರ್ಟಾರಿಕ್ ಜೊತೆ ಆಪಲಿನ ಮ್ಯಾಲಿಕ್ ಹುಳಿಯೂ ಉಳಿದಿರ್ತದೆ, ಯಾಕಂದ್ರೆ ಅದನ್ನು ಮೆತ್ತಗಿನ ಲ್ಯಾಕ್ಟಿಕ್ ಹುಳಿ ಮಾಡುವ ಎರಡನೇ ಹಂತವನ್ನು ಮಸ್ಕಾಡೆಯವರು ಸಾಮಾನ್ಯವಾಗಿ ಆಗ್ಲಿಕ್ಕೆ ಬಿಡುದಿಲ್ಲ. ನುಂಗಿದ ಮೇಲೆ ಅವಸರ ಮಾಡ್ಬೇಡಿ. ಬಾಯಲ್ಲಿ ನೀರು ಊರ್ತದೆ, ಮತ್ತೆ ಕೊನೆಗೆ ಉಪ್ಪು ಇತ್ತಾ ಅಂತ ಡೌಟ್ ಬರುವಂಥ ಒಂದು ರುಚಿ. ಎಷ್ಟು ಹೊತ್ತು ನೀರು ಊರ್ತಾ ಇರ್ತದೆ ಅನ್ನುದೇ ನಂಗೆ ವೈನಿನ ಮಾರ್ಕ್ಸ್ ಕಾರ್ಡ್. ಬಾಯಿಗೆ ನೀರು ಬಂತು ಅಂದ್ರೆ ಹೊಟ್ಟೆ ತಿನ್ಲಿಕ್ಕೆ ಕೇಳ್ತಾ ಉಂಟು ಅಂತ ಲೆಕ್ಕ, ಈ ವೈನನ್ನು ಬರಿದೇ ಕುಡಿದು ಜಡ್ಜ್‌ಮೆಂಟ್ ಕೊಡುದು ಅನ್ಯಾಯ.

ಮಿನರಲ್ ಟೇಸ್ಟ್ ಅಂತ ಎಲ್ಲರೂ ಬರೀತಾರೆ, ಒದ್ದೆ ಕಲ್ಲು, ಚಿಪ್ಪು, ಹಾಗೆ ಹೀಗೆ. ನಂಗೂ ಒದ್ದೆ ಕಲ್ಲು ಕಂಡಿದೆ. ಆದ್ರೆ ಬೇರು ಕಲ್ಲಿನ ರುಚಿ ಎಳೆದು ದ್ರಾಕ್ಷೆಗೆ ಕೊಡ್ತದೆ ಅನ್ನುದನ್ನು ಜಿಯಾಲಜಿಯವರು ಒಪ್ಪುದಿಲ್ಲ, ವೈನಲ್ಲಿರುವ ಖನಿಜ ನಾಲಿಗೆಗೆ ಗೊತ್ತಾಗುವಷ್ಟು ಇರುದೂ ಇಲ್ಲ. ಹಣ್ಣಿನ ಪರಿಮಳ ಕಮ್ಮಿ ಇದ್ದು ಹುಳಿ ಎದ್ದು ನಿಂತಾಗ ನಮ್ಮ ತಲೆ ಅದಕ್ಕೆ ಕಲ್ಲು ಅಂತ ಹೆಸರಿಡ್ತದೆ ಅಂತ ನನ್ನ ಅಂದಾಜು. ಹೆಸರಿಟ್ರೆ ಇಡ್ಲಿ.

ಈಗ ಅಸಲು ವಿಷಯ, ತಿನ್ಲಿಕ್ಕೆ ಎಂತ. ನಾಂತ್ ಕಡೆಯವರು ಇದನ್ನು ಆಯ್ಸ್ಟರ್ ಜೊತೆ, ನೀಲಿ ಚಿಪ್ಪಿನ ಮಸಲ್ ಜೊತೆ ಕುಡೀತಾರೆ. ನಮ್ಮಲ್ಲಿ ಮರ್ವಾಯಿ ಉಂಟಲ್ಲ, ನದಿಯ ಚಿಪ್ಪುಮೀನು. ಜೂನ್ 1ರಿಂದ ಜುಲೈ 31ರ ತನಕ 61 ದಿವಸ ಕಡಲಿಗೆ ಮೆಶಿನ್ ಬೋಟ್ ಇಳಿಯುದಿಲ್ಲ, ಬಂದರಲ್ಲಿ ಮಲ್ಪೆಯಲ್ಲಿ ಎಲ್ಲ ಕಟ್ಟಿ ಹಾಕಿರ್ತಾರೆ, ಮೀನಿನ ರೇಟ್ ಕೇಳಿದ್ರೆ ತಲೆ ತಿರುಗ್ತದೆ, ನದಿಯ ಮರ್ವಾಯಿಗೆ ಆ ಬೋಟಿನ ಬ್ಯಾನ್ ತಾಗುದಿಲ್ಲ. ಮರಳು ಬಿಡುವ ತನಕ ನೀರಲ್ಲಿ ಹಾಕಿಟ್ಟು, ತೊಳೆದು, ಈರುಳ್ಳಿ ಶುಂಠಿ ಕರಿಬೇವು ಒಂದು ಹಸಿಮೆಣಸು ಸೀಳಿ ಹಾಕಿ, ಮುಚ್ಚಿ ಬೇಯಿಸಿ. ಚಿಪ್ಪು ಬಾಯಿ ಬಿಟ್ಟಾಗ ಬರುವ ಆ ನೀರು ಉಂಟಲ್ಲ, ಅದಕ್ಕೆ ಉಪ್ಪು ಹಾಕ್ಬೇಡಿ, ಅದೇ ಉಪ್ಪು. ಮೇಲಿಂದ ಒಂದು ಹಿಡಿ ತೆಂಗಿನತುರಿ. ಇದರ ಒಂದು ಚಿಪ್ಪು, ಅದರ ಒಂದು ಗುಟುಕು. ಬರಿದೇ ಕುಡಿಯುವಾಗ ಕತ್ತಿಯ ಹಾಗೆ ಇದ್ದ ಹುಳಿ ಮರ್ವಾಯಿಯ ಉಪ್ಪು ತಾಗಿದ ಕೂಡ್ಲೆ ಮೆತ್ತಗೆ ಆಗ್ತದೆ, ತೆಂಗಿನಕಾಯಿಯ ಸಿಹಿ ಎದ್ದು ಬರ್ತದೆ, ನಿಂಬೆ ಹಿಂಡಿದ ಕೆಲಸವನ್ನು ವೈನೇ ಮಾಡಿ ಮುಗಿಸ್ತದೆ. ಪುಂಡಿ ಜೊತೆ ತಿಂದ್ರೂ ಆಗ್ತದೆ, ನೀರುದೋಸೆ ಆದ್ರೆ ಇನ್ನೂ ಬೆಸ್ಟ್.

ಆದ್ರೆ ಬ್ಯಾಡಗಿ ಮೆಣಸು ಅರೆದ ಸುಕ್ಕಾ ಮಾಡಿ ಅದರ ಜೊತೆ ಇದನ್ನು ಇಟ್ರೆ ಎರಡೂ ವೇಸ್ಟ್. ಮೆಣಸಿನ ಖಾರವನ್ನು ಆಲ್ಕೊಹಾಲ್ ಜಾಸ್ತಿ ಮಾಡ್ತದೆ, ಮತ್ತೆ ಅಷ್ಟು ಮಸಾಲೆಯ ಹಿಂದೆ ಮಸ್ಕಾಡೆ ಎಲ್ಲುಂಟು ಅಂತ ಹುಡುಕ್ಬೇಕು. ಪುಳಿಮುಂಚಿಗೂ ಆಗುದಿಲ್ಲ. ಹುಳಿಗೆ ಹುಳಿ ಸೇರಿದ್ರೆ ಯಾವುದು ಜಾಸ್ತಿಯೋ ಅದು ಗೆಲ್ತದೆ, ಹುಣಸೆ ಎದುರು ವೈನ್ ಸಪ್ಪೆ. ಘೀ ರೋಸ್ಟಿಗೆ ಬಿಯರೇ ಇರ್ಲಿ, ಅದಕ್ಕೆ ಜಗಳ ಇಲ್ಲ. ಕಾಣೆಗೆ ಬರೀ ಉಪ್ಪು ಅರಶಿನ ಹಚ್ಚಿ ರವಾ ಫ್ರೈ ಮಾಡಿದ್ರೆ ಸೂಪರ್, ಬೊಂಡಾಸಿನ (ಸ್ಕ್ವಿಡ್) ರಿಂಗಿಗೂ ಅಡ್ಡಿ ಇಲ್ಲ.

ಮೀನಿಗೆ ವೈಟೇ ಯಾಕೆ, ರೆಡ್ ಯಾಕೆ ಆಗುದಿಲ್ಲ ಅಂತ ದೊಡ್ಡಪ್ಪನ ಮಗ ಕೇಳಿದ್ದ. ಅದು ಬರೀ ಸಂಪ್ರದಾಯ ಅಲ್ಲ. ಜಪಾನಿನ ಸಂಶೋಧಕರು 2009ರಲ್ಲಿ ಒಣಗಿಸಿದ ಸ್ಕಾಲಪ್ ಚಿಪ್ಪುಮೀನಿನ ಜೊತೆ ಬೇರೆ ಬೇರೆ ವೈನ್ ಕುಡಿಸಿ ನೋಡಿದ್ರು, ವೈನಲ್ಲಿ ಕಬ್ಬಿಣದ ಅಂಶ ಜಾಸ್ತಿ ಇದ್ದಷ್ಟೂ ಬಾಯಲ್ಲಿ ಆ ಕೆಟ್ಟ ಮೀನುವಾಸನೆ ಜಾಸ್ತಿ ಬರ್ತದೆ ಅಂತ ಗೊತ್ತಾಯ್ತು. ರೆಡ್ಡಲ್ಲಿ ಸಾಮಾನ್ಯವಾಗಿ ಕಬ್ಬಿಣ ಸ್ವಲ್ಪ ಜಾಸ್ತಿ. ಕಬ್ಬಿಣ ಕಮ್ಮಿ ಇರುವ ರೆಡ್ ಆದ್ರೆ ಮೀನಿಗೂ ಆಗ್ತದೆ ಅಂತ ಲೆಕ್ಕ, ಆದ್ರೆ ಲೇಬಲಲ್ಲಿ ಅದನ್ನು ಬರೆಯುದಿಲ್ಲವಲ್ಲ.

ಶಾಬ್ಲಿ ಅನ್ನುವ ಇನ್ನೊಂದು ಫ್ರೆಂಚ್ ಡ್ರೈ ವೈಟ್ ಬಗ್ಗೆ ಎರಡು ಮಾತು, ಇಲ್ದಿದ್ರೆ ಯಾರಾದ್ರೂ ಬೈತಾರೆ. ಅದು ಶಾರ್ಡೊನೆ, ಕಡಲಿಂದ ಬಹಳ ದೂರ, ಸುಮಾರು 15 ಕೋಟಿ ವರ್ಷ ಹಿಂದೆ ಮಾತ್ರ ಅಲ್ಲಿ ಕಡಲಿತ್ತು, ಮಣ್ಣಲ್ಲಿ ಈಗ್ಲೂ ಪುಟ್ಟ ಪುಟ್ಟ ಆಯ್ಸ್ಟರ್ ಚಿಪ್ಪಿನ ಪಳೆಯುಳಿಕೆ ಸಿಗ್ತದೆ. ಪೆತಿ ಶಾಬ್ಲಿ, ಶಾಬ್ಲಿ, ಪ್ರೀಮಿಯೇ ಕ್ರು, ಗ್ರಾಂ ಕ್ರು ಅಂತ ನಾಲ್ಕು ಮೆಟ್ಟಲು. ವೈನ್ ಮಸ್ಕಾಡೆಗಿಂತ ದೊಡ್ಡದು, ಅದರಲ್ಲಿ ಡೌಟಿಲ್ಲ. ಆದ್ರೆ ನಮ್ಮ ಅಡುಗೆಮನೆಗೆ ಅದು ದುಬಾರಿ ಸೀರೆ, ತೆಂಗಿನೆಣ್ಣೆ ಒಗ್ಗರಣೆಯ ಎದುರು ಅದರ ನಾಜೂಕೆಲ್ಲ ಯಾರಿಗೂ ಕಾಣುದಿಲ್ಲ. ಇಲ್ಲಿ ಅಂಗಡಿಯಲ್ಲಿ ಎರಡೂ ಸುಲಭದಲ್ಲಿ ಸಿಗುದಿಲ್ಲ ಅನ್ನುದು ಬೇರೆ ಮಾತು. ಸಿಗದಿದ್ರೆ ನಾಸಿಕದ ಸೋವಿನ್ಯೊನ್ ಬ್ಲಾಂಕ್ ತಗೊಳ್ಳಿ, ಡ್ರೈ ಅಂತ ಖಾತ್ರಿ ಮಾಡ್ಕೊಳ್ಳಿ, ಈಚಿನ ವರ್ಷದ ದ್ರಾಕ್ಷೆಯದ್ದೇ ಇರ್ಲಿ, ಬಿಸಿಲು ಬೀಳುವ ಶೆಲ್ಫಿಂದ ಬೇಡ.

ಬಾಟ್ಲಿಯ ಅಡಿಯಲ್ಲಿ ಅಥವಾ ಬಿರಡೆಗೆ ಸಕ್ಕರೆ ಹರಳಿನ ಹಾಗೆ ಎಂತದೋ ಅಂಟಿಕೊಂಡಿದ್ರೆ ಗಾಜಿನ ಚೂರು ಅಂತ ಹೆದರಿ ಚೆಲ್ಬೇಡಿ. ಫ್ರಿಜ್ಜಿನ ಚಳಿಗೆ ಅದೇ ಟಾರ್ಟಾರಿಕ್ ಹುಳಿ ಪೊಟ್ಯಾಸಿಯಮ್ ಜೊತೆ ಸೇರಿ ಹರಳಾದದ್ದು, ಕೇಕಿಗೆ ಹಾಕುವ ಕ್ರೀಮ್ ಆಫ್ ಟಾರ್ಟರ್ ಅದೇ. ಬಾಟ್ಲಿ ಓಪನ್ ಮಾಡಿದ ಮೇಲೆ ಬಿರಡೆ ಹಾಕಿ ಫ್ರಿಜ್ಜಲ್ಲಿಟ್ರೆ ಎರಡು ಮೂರು ದಿನ ಅಡ್ಡಿ ಇಲ್ಲ, ಆಮೇಲೆ ಚಪ್ಪೆ ಆಗ್ತದೆ, ಮರ್ವಾಯಿ ಬೇಯಿಸುವಾಗ ಅರ್ಧ ಗ್ಲಾಸ್ ಅದಕ್ಕೇ ಹಾಕಿ ಮುಗ್ಸಿ. ನಾಂತಿನವರೂ ಬೆಣ್ಣೆಯಲ್ಲಿ ಮಾಡುವ ಅವರ ಬ್ಯೋರ್ ಬ್ಲಾಂಕ್ ಸಾಸಿಗೆ ಈ ವೈನನ್ನು ಹಾಕ್ತಾರೆ, ಹಾಗಾಗಿ ಮರ್ಯಾದೆ ಹೋಗುದಿಲ್ಲ.

ಉಡುಪಿಯಲ್ಲಿ ನಂಗೊಬ್ಬ ಫ್ರೆಂಡ್ ಇದ್ದಾನೆ, ಮೀನು ಮುಟ್ಟುದಿಲ್ಲ, ವೈನ್ ಮುಟ್ತಾನೆ. ಅವನಿಗೆ ಎಂತ ಕೊಡುದು ಅಂತ ತಲೆಬಿಸಿ ಆಗಿತ್ತು, ಕೊನೆಗೆ ಮಳೆ ಬರುವ ಒಂದು ಸಂಜೆ ಗೋಳಿಬಜೆ ಮಾಡಿಸಿದ್ದು. ಎಣ್ಣೆಯ ಜಿಡ್ಡನ್ನು ಹುಳಿ ಕಡಿದು ಹಾಕ್ತದೆ, ಹಿಟ್ಟಿನ ಮಜ್ಜಿಗೆ ಹುಳಿ ಮೆತ್ತಗಿರುದ್ರಿಂದ ವೈನಿಗೆ ಅಡ್ಡ ಬರುದಿಲ್ಲ, ಪ್ಲೇಟ್ ಖಾಲಿ. ಚಟ್ನಿ ಮಾತ್ರ ದೂರ ಇಡಿ, ಅದರಲ್ಲಿ ಹಸಿಮೆಣಸು ಜಾಸ್ತಿ.